ಮಾತೃಸ್ಮರಣೆ: ಮೋಹವೋ, ಧರ್ಮವೋ?

ಪ್ರತಿ ವರ್ಷ ಜಿನಮಂದಿರದ ವಾರ್ಷಿಕೋತ್ಸವ ಸಮೀಪಿಸಿದಾಗ ದಾನಿಗಳ ಯಾದಿ ಸಿದ್ಧವಾಗುತ್ತದೆ. ಅಭಿಷೇಕ, ಶಾಂತಿಧಾರೆ, ಆಹಾರದಾನ, ಶಾಸ್ತ್ರದಾನ, ವಿದ್ಯಾರ್ಥಿವೇತನ ಮೊದಲಾದ ಸೇವೆಗಳ ಮುಂದೆ ಬರೆಯಲ್ಪಡುವ ಒಕ್ಕಣೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದು 'ಮಾತೋಶ್ರೀಯವರ ಸ್ಮರಣಾರ್ಥ' ಎಂಬ ಮಾತು. ಕನ್ನಡ ಮನೆಯವರು ಬರೆಯಿಸಿದರೂ ಅದೇ ಮಾತು, ಮರಾಠಿ ಮನೆಯವರು ಬರೆಯಿಸಿದರೂ ಅದೇ ಮಾತು, ಗುಜರಾತಿ ಮಾರವಾಡಿ ಮನೆಯವರು ಬರೆಯಿಸಿದರೂ ಅದೇ ಮಾತು. ಕರೆಯುವ ಹೆಸರು ಮಾತ್ರ ಬೇರೆ ಬೇರೆ. ಮರಾಠಿ ಮನೆಯಲ್ಲಿ 'ಆಯಿ' ಎಂದರೆ ತಾಯಿ. ಗಡಿಸೀಮೆಯ ಅನೇಕ ಕನ್ನಡ ಮನೆಗಳಲ್ಲಿ 'ಆಯಿ' ಎಂದರೆ ಅಜ್ಜಿ. ಒಂದೇ ಶಬ್ದವು ಒಂದು ಓಣಿಯಲ್ಲಿ ತಾಯಿಯನ್ನೂ ಪಕ್ಕದ ಓಣಿಯಲ್ಲಿ ಅಜ್ಜಿಯನ್ನೂ ಕರೆಯುತ್ತದೆ. ಆ ಶಬ್ದದ ಹಿಂದಿರುವ ಭಾವ ಎರಡೂ ಓಣಿಗಳಲ್ಲಿ ಒಂದೇ.

ತಾಯಿಯ ಹೆಸರಿನಲ್ಲಿ ದಾನ ಮಾಡುವುದು ಶ್ರೇಷ್ಠವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಧರ್ಮವನ್ನು ಅರಿತು ಆಚರಿಸಬೇಕೆನ್ನುವ ಶ್ರಾವಕನು ಒಂದು ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾರನು. ಜೈನ ಸಿದ್ಧಾಂತದ ಪ್ರಕಾರ ಅಗಲಿದ ತಾಯಿಯ ಜೀವವು ತನ್ನ ಕರ್ಮಾನುಸಾರ ಬೇರೊಂದು ಗತಿಯನ್ನು ಪಡೆದಿದೆ. ಅದು ಎಲ್ಲಿದೆ, ಯಾವ ರೂಪದಲ್ಲಿದೆ ಎಂಬುದನ್ನು ಮಗನು ಬಲ್ಲವನಲ್ಲ. ಅವನು ಮಾಡಿದ ದಾನದ ಫಲ ಆ ಜೀವಕ್ಕೆ ತಲುಪುವುದೂ ಇಲ್ಲ. ಹಾಗಿರುವಾಗ ಈ ಸ್ಮರಣೆ ಯಾರಿಗಾಗಿ? 'ನನ್ನ ತಾಯಿ, ನನ್ನ ಅಜ್ಜಿ' ಎಂದು ಕಣ್ಣೀರು ತುಂಬುವುದು ಧರ್ಮವೋ, ಅಥವಾ ಕತ್ತರಿಸಬೇಕಾದ ಮೋಹಪಾಶವನ್ನೇ ಇನ್ನಷ್ಟು ಬಿಗಿದುಕೊಳ್ಳುವುದೋ?

ಸಿದ್ಧಾಂತವು ಹೇಳುವುದೇನು?

ಶ್ರಾವಕನು ನಿತ್ಯ ಚಿಂತಿಸಬೇಕಾದ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಸಂಸಾರ, ಏಕತ್ವ, ಅನ್ಯತ್ವ ಎಂಬ ಮೂರು ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಅನಾದಿಯಾದ ಈ ಭ್ರಮಣದಲ್ಲಿ ಒಂದು ಜನ್ಮದ ತಾಯಿ ಇನ್ನೊಂದು ಜನ್ಮದಲ್ಲಿ ಮಗಳಾಗಬಹುದು, ಸೊಸೆಯಾಗಬಹುದು, ಅಪರಿಚಿತಳಾಗಬಹುದು, ಶತ್ರುವೂ ಆಗಬಹುದು ಎಂದು ಸಂಸಾರ ಭಾವನೆ ತಿಳಿಸುತ್ತದೆ. ಜೀವವು ಒಂಟಿಯಾಗಿ ಬರುತ್ತದೆ, ಒಂಟಿಯಾಗಿ ಕರ್ಮವನ್ನು ಕಟ್ಟಿಕೊಳ್ಳುತ್ತದೆ, ಒಂಟಿಯಾಗಿ ಅದರ ಫಲವನ್ನು ಉಣ್ಣುತ್ತದೆ ಎಂಬುದು ಏಕತ್ವ ಭಾವನೆ. ದೇಹವೇ ತನ್ನದಲ್ಲವೆಂದ ಮೇಲೆ ದೇಹದಿಂದ ಉಂಟಾದ ಸಂಬಂಧ ತನ್ನದು ಹೇಗೆ ಎಂದು ಅನ್ಯತ್ವ ಭಾವನೆ ಕೇಳುತ್ತದೆ.

ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ ಪ್ರತಿಯೊಂದು ಜೀವಕ್ಕೂ ಪ್ರತ್ಯೇಕವಾದ ಖಾತೆಯಿದೆ. ಒಬ್ಬರ ಖಾತೆಯ ಜಮೆಯನ್ನು ಮತ್ತೊಬ್ಬರ ಖಾತೆಗೆ ವರ್ಗ ಮಾಡುವ ಪದ್ಧತಿ ಕರ್ಮದ ಪೇಢಿಯಲ್ಲಿಲ್ಲ. ಮಗನು ಸಾವಿರ ಜನರಿಗೆ ಉಣಬಡಿಸಿದರೂ ಅದರ ಪುಣ್ಯ ಮಗನ ಪರಿಣಾಮಕ್ಕೆ ತಕ್ಕಂತೆ ಮಗನ ಖಾತೆಯಲ್ಲಿಯೇ ಬೀಳುತ್ತದೆ. ತಾಯಿಯು ತನ್ನ ಜೀವಿತದಲ್ಲಿ ಗಳಿಸಿದ್ದನ್ನು ತಾಯಿಯೇ ಕೊಂಡೊಯ್ದಿದ್ದಾಳೆ.

ಇದನ್ನು ಕೇಳಿದವರಿಗೆ ಜೈನಧರ್ಮವು ನಿಷ್ಠುರವಾದುದೆಂದು ತೋರಬಹುದು. ವಾಸ್ತವದಲ್ಲಿ ಹಾಗಲ್ಲ. ಕರ್ಮಬಂಧಕ್ಕೆ ಕೃತ, ಕಾರಿತ, ಅನುಮೋದನ ಎಂದು ಮೂರು ದಾರಿಗಳನ್ನು ಆಚಾರ್ಯರು ಹೇಳಿದ್ದಾರೆ. ತಾನು ಮಾಡುವುದು, ಇತರರಿಂದ ಮಾಡಿಸುವುದು, ಮಾಡಿದ್ದನ್ನು ಮನಸಾರೆ ಮೆಚ್ಚುವುದು. ತಾಯಿಯ ವ್ರತನಿಯಮಗಳನ್ನು ನೆನೆದು ಮಗನ ಹೃದಯ ಮೆಚ್ಚುಗೆಯಿಂದ ಮಿಡಿದಾಗ ಆ ಅನುಮೋದನೆಯಿಂದ ಬದಲಾಗುವುದು ಮಗನ ಜೀವ. ಆದುದರಿಂದ ಸ್ಮರಣೆಯು ಅಗಲಿದವರಿಗೆ ಕಳುಹಿಸುವ ಬುತ್ತಿಯಲ್ಲ. ಉಳಿದವರು ತಮ್ಮ ಪ್ರಯಾಣಕ್ಕೆ ಕಟ್ಟಿಕೊಳ್ಳುವ ಬುತ್ತಿ. ಆ ಬುತ್ತಿಯಲ್ಲಿ ಏನನ್ನು ಕಟ್ಟಿಕೊಳ್ಳಬೇಕು ಎಂಬುದೇ ಮುಂದಿನ ವಿಚಾರ.

ಚಂದ್ರಮತಿಯ ಪಾಠ

ತಾಯಿಯ ಪ್ರೀತಿಯೆಲ್ಲವೂ ತಾನಾಗಿಯೇ ಧರ್ಮವಾಗುವುದಿಲ್ಲ, ಹಿರಿಯರ ಸ್ಮರಣೆಯೆಲ್ಲವೂ ತಾನಾಗಿಯೇ ಪುಣ್ಯವಾಗುವುದಿಲ್ಲ ಎಂಬುದನ್ನು ಯಶೋಧರನ ಕಥೆಯಷ್ಟು ತೀಕ್ಷ್ಣವಾಗಿ ಹೇಳಿದ ಕಥೆ ಬೇರೊಂದಿಲ್ಲ. ಸೋಮದೇವಸೂರಿ ಮತ್ತು ವಾದಿರಾಜರು ಸಂಸ್ಕೃತದಲ್ಲಿ, ಪುಷ್ಪದಂತನು ಅಪಭ್ರಂಶದಲ್ಲಿ, 1209ರಲ್ಲಿ ಜನ್ನನು ಕನ್ನಡದಲ್ಲಿ ಈ ಕಥೆಯನ್ನು ಬರೆದರು. ತಮಿಳಿನಲ್ಲಿಯೂ ಹಳೆಯ ಗುಜರಾತಿಯಲ್ಲಿಯೂ ಇದು ಕಾವ್ಯವಾಗಿದೆ. ಜೈನಸಮಾಜವು ಯಾವ ಯಾವ ಭಾಷೆಯನ್ನು ಆಡಿತೋ ಆಯಾ ಭಾಷೆಗೆ ಈ ಕಥೆಯನ್ನು ಕೊಂಡೊಯ್ದಿದೆ ಎಂದರೆ ಇದರಲ್ಲಿ ಎಲ್ಲರಿಗೂ ಬೇಕಾದ ಪಾಠವೊಂದಿದೆ ಎಂದೇ ಅರ್ಥ.

ಯಶೋಧರನ ತಾಯಿ ಚಂದ್ರಮತಿ ದುಷ್ಟಳಲ್ಲ. ಮಗನಿಗೆ ಕೆಟ್ಟ ಕನಸು ಬಿದ್ದಿತೆಂದು ತಿಳಿದು ಅವಳ ಹೃದಯ ತಲ್ಲಣಿಸಿತು. ದೇವಿಗೆ ಪ್ರಾಣಿಬಲಿ ಕೊಟ್ಟು ಕೇಡನ್ನು ನಿವಾರಿಸಬೇಕೆಂದು ಅವಳು ಹಟ ಹಿಡಿದಳು. ಮಗನು ಹಿಂಸೆಗೆ ಒಪ್ಪಲಿಲ್ಲ. ಕೊನೆಗೆ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನಿಂದ ಮಾಡಿದ ಕೋಳಿಯನ್ನು ಬಲಿ ಕೊಟ್ಟನು. ಕೊಂದದ್ದು ಹಿಟ್ಟನ್ನೇ ಆದರೂ ಕೊಲ್ಲುವ ಸಂಕಲ್ಪ ನಿಜವಾಗಿತ್ತು. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳಿಬ್ಬರೂ ನವಿಲು, ನಾಯಿ ಮೊದಲಾದ ಪ್ರಾಣಿಜನ್ಮಗಳಲ್ಲಿ ತೊಳಲಿದರು.

ಕಥೆಯ ಅತ್ಯಂತ ದಾರುಣವಾದ ಭಾಗ ಮುಂದಿದೆ. ಯಶೋಧರನ ಮಗ ಯಶೋಮತಿಯು ತಂದೆ ಮತ್ತು ಅಜ್ಜಿಯ ಮೇಲಿನ ಭಕ್ತಿಯಿಂದ ಅವರ ಸದ್ಗತಿಗಾಗಿ ವಿಧಿಗಳನ್ನು ನಡೆಯಿಸುತ್ತಾನೆ. ಆ ವಿಧಿಗಳ ಅಡುಗೆಗೆ ಬಲಿಯಾಗುವ ಪ್ರಾಣಿಗಳು ಬೇರೆ ಯಾರೂ ಅಲ್ಲ. ಪ್ರಾಣಿದೇಹ ಧರಿಸಿದ್ದ ಆ ಹಿರಿಯರ ಜೀವಗಳೇ. ಅವರ ಹೆಸರಿನಲ್ಲಿ ಅವರನ್ನೇ ಕೊಲ್ಲುತ್ತಿದ್ದೇನೆ ಎಂಬ ಅರಿವು ಅವನಿಗಿಲ್ಲ. ಕೊನೆಗೆ ತಂದೆಯ ಜೀವವೂ ಅಜ್ಜಿಯ ಜೀವವೂ ಅವನದೇ ಮಗನಾಗಿ, ಮಗಳಾಗಿ, ಅಭಯರುಚಿ ಮತ್ತು ಅಭಯಮತಿ ಎಂಬ ಅವಳಿಗಳಾಗಿ ಹುಟ್ಟುತ್ತಾರೆ.

ಅಜ್ಜಿಯನ್ನು ನೆನೆಯುವ ಭರದಲ್ಲಿ ಎದುರಿಗಿರುವ ಜೀವವನ್ನು ಕಾಣದೆ ಹೋಗುವುದು ಯಶೋಮತಿಯ ದೋಷ. ಈ ದೋಷ ರಾಜರಿಗೆ ಮಾತ್ರ ಮೀಸಲಾದುದಲ್ಲ. ಅಗಲಿದ ತಾಯಿಯ ಭಾವಚಿತ್ರಕ್ಕೆ ನಿತ್ಯ ಹೂಮಾಲೆ ಹಾಕುವ ಮನೆಯಲ್ಲಿ ಬದುಕಿರುವ ಮುದುಕಿಯೊಬ್ಬಳು ಒಳಕೋಣೆಯಲ್ಲಿ ಮಾತನಾಡಿಸುವವರಿಲ್ಲದೆ ಕುಳಿತಿದ್ದರೆ, ಆ ಮನೆಯವರ ಸ್ಮರಣೆಗೂ ಯಶೋಮತಿಯ ಭಕ್ತಿಗೂ ಅಂತರವೆಷ್ಟು?

ಮೋಹ ಮತ್ತು ವಾತ್ಸಲ್ಯ

ಹಾಗೆಂದು ತಾಯಿಮಕ್ಕಳ ಅನುಬಂಧವನ್ನೇ ಆಗಮಗಳು ಹಳಿದಿವೆಯೆಂದು ತಿಳಿಯಬಾರದು. ತೀರ್ಥಂಕರರ ಪಂಚಕಲ್ಯಾಣಗಳಲ್ಲಿ ಮೊದಲನೆಯದಾದ ಗರ್ಭಕಲ್ಯಾಣವು ತಾಯಿಯ ಕನಸುಗಳಿಂದಲೇ ಪ್ರಾರಂಭವಾಗುತ್ತದೆ. ದಿಗಂಬರ ಪರಂಪರೆಯಲ್ಲಿ ಆ ಕನಸುಗಳು 16, ಶ್ವೇತಾಂಬರ ಪರಂಪರೆಯಲ್ಲಿ 14. ಎಣಿಕೆ ಬೇರೆಯಾದರೂ ತ್ರಿಶಲಾದೇವಿ ಎರಡೂ ಪರಂಪರೆಗಳಿಗೆ ವಂದ್ಯಳು. ತಂದೆತಾಯಿ ಬದುಕಿರುವವರೆಗೆ ದೀಕ್ಷೆ ವಹಿಸುವುದಿಲ್ಲವೆಂದು ವರ್ಧಮಾನನು ಗರ್ಭದಲ್ಲಿರುವಾಗಲೇ ನಿಶ್ಚಯಿಸಿದನೆಂದು ಶ್ವೇತಾಂಬರರ ಕಲ್ಪಸೂತ್ರವು ಹೇಳುತ್ತದೆ. ದಿಗಂಬರ ಪರಂಪರೆಯಲ್ಲಿ ಈ ಪ್ರಸಂಗವಿಲ್ಲ. ಇತ್ತೀಚಿನ ಕಾಲದಲ್ಲಿ ದಿಗಂಬರ ಮುನಿಪರಂಪರೆಗೆ ಮತ್ತೆ ಚೈತನ್ಯ ತಂದ ಆಚಾರ್ಯ ಶಾಂತಿಸಾಗರ ಮಹಾರಾಜರ ಜೀವನವನ್ನು ನೋಡಿದರೆ, 1872ರಲ್ಲಿ ಬೆಳಗಾವಿ ಸೀಮೆಯಲ್ಲಿ ಜನಿಸಿದ ಅವರಲ್ಲಿ ಎಳೆಯ ಪ್ರಾಯದಲ್ಲಿಯೇ ವೈರಾಗ್ಯ ಮೂಡಿತ್ತು. ಅವರು ಗೃಹತ್ಯಾಗ ಮಾಡಿ ದೀಕ್ಷೆ ಪಡೆದದ್ದು 1912ರಲ್ಲಿ ತಂದೆತಾಯಿಗಳು ತೀರಿಕೊಂಡ ನಂತರ.

ಆದಿನಾಥರ ತಾಯಿಯೂ ಭರತ ಬಾಹುಬಲಿಯರ ಅಜ್ಜಿಯೂ ಆದ ಮರುದೇವಿಯ ಪ್ರಸಂಗ ಶ್ವೇತಾಂಬರ ಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಮನೆಬಿಟ್ಟು ಹೋದ ಮಗನು ಹಸಿವು ಬಿಸಿಲುಗಳಲ್ಲಿ ಎಷ್ಟು ಕಷ್ಟಪಡುತ್ತಿರುವನೋ ಎಂದು ಆ ತಾಯಿ ನಿತ್ಯ ಕೊರಗುತ್ತಿದ್ದಳು. ಮೊಮ್ಮಗ ಭರತನೊಡನೆ ಆನೆಯ ಮೇಲೆ ಕುಳಿತು ಹೋಗಿ ಮಗನ ಸಮವಸರಣದ ವೈಭವವನ್ನು ಕಂಡಾಗ, ತಾನು ಯಾರಿಗಾಗಿ ಅತ್ತೆನೋ ಆ ಮಗನಿಗೆ ತನ್ನ ಕಣ್ಣೀರಿನ ಅಗತ್ಯವೇ ಇಲ್ಲ ಎಂಬ ಸತ್ಯ ಅವಳಿಗೆ ಹೊಳೆಯಿತು. ಅದೇ ಕ್ಷಣದಲ್ಲಿ ಮೋಹ ಕಳಚಿ ಕೇವಲಜ್ಞಾನ ಉಂಟಾಯಿತು ಎಂದು ಆ ಪರಂಪರೆ ನಂಬುತ್ತದೆ. ದಿಗಂಬರರು ಇದನ್ನು ಒಪ್ಪದಿದ್ದರೂ ಇದರಲ್ಲಿ ಅಡಗಿರುವ ಭಾವವನ್ನು ಯಾರೂ ತಳ್ಳಿಹಾಕಲಾರರು. ಪ್ರೀತಿಸಿದವರನ್ನು ತನ್ನವರೆಂದು ಬಿಗಿಹಿಡಿಯದೆ ಅವರು ಇರುವಂತೆಯೇ ಕಂಡಾಗ ಪ್ರೀತಿಯು ಬಂಧನವಾಗಿ ಉಳಿಯುವುದಿಲ್ಲ.

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳಿವೆ. ಅವುಗಳಲ್ಲಿ ವಾತ್ಸಲ್ಯವೂ ಒಂದು. ವಾತ್ಸಲ್ಯ ಎಂಬ ಶಬ್ದವೇ ವತ್ಸ, ಅಂದರೆ ಕರು, ಎಂಬುದರಿಂದ ಬಂದುದು. ಹಸುವಿಗೆ ಕರುವಿನ ಮೇಲೆ ಇರುವ ಪ್ರೀತಿಯಂತೆ ಸಹಧರ್ಮಿಗಳ ಮೇಲೆ ಪ್ರೀತಿಯಿರಬೇಕೆಂದು ಆಚಾರ್ಯರು ಹೋಲಿಸಿ ಹೇಳಿದರು. ನಿಷ್ಕಪಟ ಪ್ರೀತಿಗೆ ದೃಷ್ಟಾಂತ ಬೇಕಾದಾಗ ವೀತರಾಗಿಗಳಿಗೂ ತಾಯಿಯೇ ನೆನಪಾದಳು ಎಂಬುದು ಗಮನಾರ್ಹ. ಮೋಹಕ್ಕೂ ವಾತ್ಸಲ್ಯಕ್ಕೂ ಭೇದ ಇಷ್ಟೇ: ಮೋಹವು 'ನನ್ನದು' ಎಂದು ಬೇಲಿ ಹಾಕುತ್ತದೆ, ವಾತ್ಸಲ್ಯವು ಪ್ರತಿಫಲ ಬಯಸದೆ ಹರಿಯುತ್ತದೆ, ಹರಿಯುತ್ತ ಮನೆಯ ಹೊಸ್ತಿಲನ್ನು ದಾಟುತ್ತದೆ.

ಅತ್ತಿಮಬ್ಬೆ ತೋರಿದ ದಾರಿ

ಸ್ಮರಣೆಯು ವಾತ್ಸಲ್ಯವಾಗಿ ಹೊಸ್ತಿಲು ದಾಟಿದ ನಿದರ್ಶನ ಕನ್ನಡನಾಡಿನ ಇತಿಹಾಸದಲ್ಲಿಯೇ ಇದೆ. ದಾನಚಿಂತಾಮಣಿ ಅತ್ತಿಮಬ್ಬೆಯ ತಂದೆ ಮಲ್ಲಪನೂ ಅವನ ಸೋದರ ಪುನ್ನಮಯ್ಯನೂ ವೆಂಗಿನಾಡಿನವರು, ಅಂದರೆ ಇಂದಿನ ತೆಲುಗು ಸೀಮೆಯವರು. ತಮ್ಮ ಗುರುಗಳಾದ ಜಿನಚಂದ್ರದೇವರ ಸ್ಮರಣೆಗಾಗಿ ಈ ಸೋದರರು ಕವಿ ಪೊನ್ನನಿಂದ ಕನ್ನಡದಲ್ಲಿ ಶಾಂತಿಪುರಾಣವನ್ನು ಬರೆಯಿಸಿದರು. ಮುಂದೆ ಆ ಗ್ರಂಥ ಮರೆಯಾಗಬಾರದೆಂದು ಮಗಳು ಅತ್ತಿಮಬ್ಬೆ ಅದರ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲದಲ್ಲಿ, ತಾಳೆಗರಿಯ ಮೇಲೆ ಕಂಟದಿಂದ ಒಂದೊಂದೇ ಅಕ್ಷರವನ್ನು ಕೊರೆಯಬೇಕಾಗಿದ್ದ ಕಾಲದಲ್ಲಿ, ಇದು ಎಂತಹ ಸಾಹಸವೆಂಬುದನ್ನು ಊಹಿಸಿಕೊಳ್ಳಬೇಕು.

ಅವಳ ಜೀವನದಲ್ಲಿ ದುಃಖಕ್ಕೆ ಕೊರತೆಯಿರಲಿಲ್ಲ. ಪತಿ ನಾಗದೇವನು ಚಾಲುಕ್ಯರ ಸೇನಾನಾಯಕನಾಗಿದ್ದು ಯುದ್ಧದಲ್ಲಿ ಮಡಿದನು. ಅದೇ ನಾಗದೇವನನ್ನು ವರಿಸಿದ್ದ ಅವಳ ತಂಗಿ ಗುಂಡಮಬ್ಬೆಯು ಸಹಗಮನ ಮಾಡಿದಳು. ಅತ್ತಿಮಬ್ಬೆಗೆ ಮಗ ಅಣ್ಣಿಗದೇವನಿದ್ದನು. ಅವಳು ಬದುಕಿ ಉಳಿದು ಮಗನನ್ನು ಬೆಳೆಸಿದಳು. ವ್ರತನಿಯಮಗಳಿಂದ ದೇಹವನ್ನು ದಂಡಿಸಿಕೊಂಡು, ಸಂಪತ್ತನ್ನು ದಾನಕ್ಕಾಗಿ ತೆರೆದಿಟ್ಟಳು. ರತ್ನಖಚಿತವಾದ 1500 ಜಿನಬಿಂಬಗಳನ್ನು ಮಾಡಿಸಿ ಕೊಟ್ಟಳು. 993ರಲ್ಲಿ ರನ್ನ ಕವಿಯು ಅಜಿತಪುರಾಣವನ್ನು ಪೂರೈಸಿದ್ದು ಅವಳ ಆಶ್ರಯದಲ್ಲಿ. ಲಕ್ಕುಂಡಿಯ ಬ್ರಹ್ಮಜಿನಾಲಯ ಅವಳು ಕಟ್ಟಿಸಿದುದು. 1007ರ ಶಾಸನ ಅಲ್ಲಿ ಅವಳ ಕೀರ್ತಿಯನ್ನು ಹೇಳುತ್ತಿದೆ.

ಸಹಗಮನದಿಂದ ಸ್ಮರಣೀಯಳಾಗುವ ದಾರಿ ಅತ್ತಿಮಬ್ಬೆಗೂ ತೆರೆದಿತ್ತು. ಅವಳು ಸಾಯುವುದರಿಂದಲ್ಲ, ಬದುಕುವುದರಿಂದ ಪ್ರೀತಿಯನ್ನು ಸಾರ್ಥಕಗೊಳಿಸಿದಳು. ಗುರುವಿಗಾಗಿ ತಂದೆ ಬರೆಯಿಸಿದ ಒಂದು ಗ್ರಂಥ ಮಗಳ ಕೈಯಲ್ಲಿ ಸಾವಿರವಾಯಿತು. ಸ್ಮರಣೆ ಎಂದರೆ ಇದು. ಅಗಲಿದವರು ಹಿಡಿದಿದ್ದ ಕೆಲಸದ ತುದಿಯನ್ನು ಹಿಡಿದು ಮುಂದಕ್ಕೆ ನಡೆಯುವುದು.

ಹೆಸರಿಲ್ಲದ ಅಜ್ಜಿಯರು

ಎಲ್ಲ ತಾಯಂದಿರೂ ಅತ್ತಿಮಬ್ಬೆಯರಲ್ಲ; ಎಲ್ಲರ ಹೆಸರಿನಲ್ಲಿ ಶಾಸನಗಳೂ ಇಲ್ಲ. ಶ್ರವಣಬೆಳಗೊಳದ ಗೊಮ್ಮಟೇಶ್ವರನ ಪಾದದ ಬಳಿ ಕನ್ನಡ, ತಮಿಳು, ಮರಾಠಿ ಮೂರೂ ಭಾಷೆಗಳಲ್ಲಿ ಶಾಸನಗಳಿವೆ. ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯನೆಂದು ಅವು ಮೂರೂ ತಿಳಿಸುತ್ತವೆ. ಭಾಷೆ ಬೇರೆಯಾದರೂ ಧರ್ಮ ಒಂದೇ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಬಾಹುಬಲಿಯ ದರ್ಶನಕ್ಕಾಗಿ ಹಂಬಲಿಸಿ ಆ ಮಹಾಕಾರ್ಯಕ್ಕೆ ಪ್ರೇರಣೆಯಾದವಳು ಚಾವುಂಡರಾಯನ ತಾಯಿ ಕಾಳಲದೇವಿ ಎಂದು ಪರಂಪರೆ ಹೇಳುತ್ತದೆ. ಆ ಮೂರು ಭಾಷೆಗಳ ಶಾಸನಗಳಲ್ಲಿ ಆ ತಾಯಿಯ ಹೆಸರಿಲ್ಲ. ಅವಳ ಹೆಸರು ಉಳಿದದ್ದು ಜನರ ನಾಲಿಗೆಯ ಮೇಲೆ.

ಅದೇ ಮೂರ್ತಿಯ ಎದುರಿಗೆ ಗುಳ್ಳಕಾಯಜ್ಜಿ ನಿಂತಿದ್ದಾಳೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಮೂರ್ತಿಯ ಪಾದವನ್ನು ಮುಟ್ಟದೆ ಹೋದಾಗ, ಬಡ ಮುದುಕಿಯೊಬ್ಬಳು ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಹಾಲು ನೆತ್ತಿಯಿಂದ ಪಾದದವರೆಗೆ ಹರಿಯಿತೆಂಬ ಐತಿಹ್ಯವನ್ನು ಅರಿಯದವರಿಲ್ಲ. ಅವಳ ನಿಜವಾದ ಹೆಸರೇನೆಂದು ಯಾರೂ ಕೇಳಲಿಲ್ಲ. ಕೈಯಲ್ಲಿದ್ದ ಕಾಯಿಯೇ ಅವಳ ಹೆಸರಾಯಿತು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಜೈನ ಮನೆಗಳಲ್ಲಿ ಒಂದು ತಲೆಮಾರಿನ ಹಿಂದೆ ಇದ್ದ ತಾಯಂದಿರೂ ಅಜ್ಜಿಯರೂ ಇಂತಹ ಗುಳ್ಳಕಾಯಜ್ಜಿಯರೇ. ಬೆಳಗಿನ ಜಾವ ಎದ್ದು ಣಮೋಕಾರ ಮಂತ್ರವನ್ನು ಸ್ಮರಿಸುವುದು, ಮಡಿಯುಟ್ಟು ನೀರು ತರುವುದು, ಎರಡು ಪದರದ ದಪ್ಪ ಅರಿವೆಯಲ್ಲಿ ಅದನ್ನು ಸೋಸುವುದು, ಸೋಸಿದ ಅರಿವೆಯಲ್ಲಿ ಉಳಿದ ಸೂಕ್ಷ್ಮಜೀವಿಗಳು ಸಾಯದಂತೆ ಆ ಅರಿವೆಯನ್ನು ಮತ್ತೆ ಅದೇ ಬಾವಿಯ ನೀರಿನಲ್ಲಿ ಜಾಲಿಸುವುದು, ಒಲೆಗೆ ಇಡುವ ಮೊದಲು ಕಟ್ಟಿಗೆಯನ್ನೂ ಕುರುಳನ್ನೂ ನೆಲಕ್ಕೆ ತಟ್ಟಿ ಇರುವೆಗಳನ್ನು ಕೊಡವುವುದು, ಜೋಳವನ್ನು ಬೀಸುವ ಮೊದಲು ಮೊರದಲ್ಲಿ ಹರಡಿ ಹುಳು ಆರಿಸುವುದು. ಅಷ್ಟಮಿ ಚತುರ್ದಶಿಗಳಲ್ಲಿ ತಾನು ಉಪವಾಸವಿದ್ದು ಮನೆಮಂದಿಗೆಲ್ಲ ರೊಟ್ಟಿ ಬಡಿದು ಬಡಿಸುವುದು. ಮುನಿಗಳು ಊರಿಗೆ ಬಂದರೆ ಕಲಶ ಹಿಡಿದು ಬಾಗಿಲಲ್ಲಿ ನಿಂತು ಪಡಗಾಹಿಸುವುದು. ಅಹಿಂಸೆಯ ಮೇಲೆ ಉಪನ್ಯಾಸ ಮಾಡುವ ಶಕ್ತಿ ಆ ತಾಯಂದಿರಲ್ಲಿ ಹಲವರಿಗಿರಲಿಲ್ಲ. ಮೊಮ್ಮಕ್ಕಳು ಅಹಿಂಸೆಯನ್ನು ಮೊದಲು ಕಂಡದ್ದು ಮಾತ್ರ ಅವರ ಆ ಸೋಸುವ ಅರಿವೆಯಲ್ಲಿ.

1960ರಲ್ಲಿ ಮಹಾರಾಷ್ಟ್ರ ರಾಜ್ಯವು ರಚನೆಯಾದಾಗ ಈ ಸೀಮೆ ಅದರಲ್ಲಿ ಉಳಿಯಿತು. ಮಕ್ಕಳು ಮೊಮ್ಮಕ್ಕಳು ಮರಾಠಿ ಶಾಲೆಗಳಲ್ಲಿ, ಅನಂತರ ಇಂಗ್ಲಿಷ್ ಶಾಲೆಗಳಲ್ಲಿ ಓದಿದರು. ಅಜ್ಜಿಯ ನೋಂಪಿಯ ಕಥೆಗಳ ಪುಸ್ತಕ, ಅವಳು ಕೈಯಾರೆ ಬರೆದಿಟ್ಟುಕೊಂಡ ಹಾಡುಗಳ ವಹಿ ಕನ್ನಡ ಅಕ್ಷರಗಳಲ್ಲಿವೆ. ಮನೆಯಲ್ಲಿ ಅವುಗಳನ್ನು ಓದಬಲ್ಲವರು ಇಲ್ಲವಾಗುತ್ತಿದ್ದಾರೆ. ಆದರೆ ಪ್ರಾಕೃತದ ಣಮೋಕಾರ ಮಂತ್ರ ಯಾವ ರಾಜ್ಯಕ್ಕೂ ಸೇರಿದುದಲ್ಲ. ಅಜ್ಜಿ ಹೇಳಿಕೊಟ್ಟಂತೆಯೇ ಅದು ಮೊಮ್ಮಕ್ಕಳ ಬಾಯಲ್ಲಿದೆ. ಕಪಾಟಿನಲ್ಲಿ ಇಟ್ಟದ್ದಕ್ಕಿಂತ ಬಾಯಿಗೆ ಇಟ್ಟದ್ದು ಹೆಚ್ಚು ಕಾಲ ಬಾಳುತ್ತದೆ.

ಹೊಗಳಿಕೆಯ ಹಿಂದಿರುವ ಸಾಲ

ಇಲ್ಲಿ ಇನ್ನೊಂದು ಕಟುವಾದ ವಿಚಾರವನ್ನು ಹೇಳದೆ ವಿಧಿಯಿಲ್ಲ. 'ನಮ್ಮ ತಾಯಿ ತ್ಯಾಗಮೂರ್ತಿ, ತನಗಾಗಿ ಏನನ್ನೂ ಬಯಸಲಿಲ್ಲ' ಎಂಬ ಮಾತು ಶ್ರದ್ಧಾಂಜಲಿ ಸಭೆಗಳಲ್ಲಿ ಸಾಮಾನ್ಯ. ತ್ಯಾಗವೆಂದರೆ ತನ್ನ ಇಚ್ಛೆಯಿಂದ ಬಿಡುವುದು. ಇತರರು ಕೊಡದೆ ಹೋದದ್ದು ತ್ಯಾಗವಾಗುವುದಿಲ್ಲ. ತಾಯಿಗೆ ಸಮ್ಮೇದಶಿಖರಜಿಯ ಯಾತ್ರೆಯ ಬಯಕೆಯಿತ್ತು. 'ಸುಗ್ಗಿ ಮುಗಿಯಲಿ, ಅಂಗಡಿಯ ಹಂಗಾಮು ಮುಗಿಯಲಿ' ಎನ್ನುತ್ತ ಮಕ್ಕಳು ವರ್ಷಗಳನ್ನು ಕಳೆದರು. ತಾಯಿಗೆ ರಾತ್ರಿಭೋಜನ ತ್ಯಾಗದ ವ್ರತವಿತ್ತು. ಮಕ್ಕಳು ಪೇಟೆಯಿಂದ ರಾತ್ರಿ ಒಂಬತ್ತಕ್ಕೆ ಬಂದರು, ಹಸಿದ ಹೊಟ್ಟೆಗೆ ಬಿಸಿ ಊಟ ಬೇಡಿದರು. ಸೂರ್ಯಾಸ್ತದ ಒಳಗೆ ತಾನು ಉಂಡು ಮುಗಿಸಿದ ತಾಯಿ, ವ್ರತದ ಮನಸ್ಸನ್ನು ನೋಯಿಸಿಕೊಂಡು, ದೀಪದ ಕೆಳಗೆ ಮತ್ತೆ ಒಲೆ ಹೊತ್ತಿಸಿದಳು. ಅವಳು ಅದನ್ನು ಎಂದೂ ಆಡಿ ತೋರಿಸಲಿಲ್ಲ. ಆಡಲಿಲ್ಲವೆಂದ ಮಾತ್ರಕ್ಕೆ ನೋವಾಗಲಿಲ್ಲವೆಂದು ಹೇಳಬರುವುದಿಲ್ಲ. ಅವಳಿಗೆ ಶಾಸ್ತ್ರ ಓದುವ ಆಸೆಯಿತ್ತು, ಅಕ್ಷರ ಕಲಿಸಿದವರಿರಲಿಲ್ಲ.

ಈ ಕೊರತೆಯನ್ನು ಮನಗಂಡವರೂ ಸಮಾಜದಲ್ಲಿ ಇದ್ದರು. ಸೊಲ್ಲಾಪುರದಲ್ಲಿ ಪಂಡಿತಾ ಸುಮತಿಬಾಯಿ ಶಹಾ ಅವರು ಬೆಳೆಸಿದ ಶ್ರಾವಿಕಾ ಸಂಸ್ಥೆ ಹೆಣ್ಣುಮಕ್ಕಳ ಕೈಗೆ ಅಕ್ಷರವನ್ನೂ ಶಾಸ್ತ್ರವನ್ನೂ ಕೊಟ್ಟಿತು. ತಾಯಂದಿರ ನಿಜವಾದ ಸ್ಮಾರಕಗಳು ಇಂತಹವು.

ಅಂಗಡಿಯ ಸಾಲವನ್ನು ಸಾಲಗಾರ ತೀರಿಕೊಂಡ ಮೇಲೆ ಅವನ ವಾರಸುದಾರರಿಗೆ ಸಲ್ಲಿಸಬಹುದು. ತಾಯಿಯ ಸಾಲಕ್ಕೆ ಆ ಸೌಕರ್ಯವಿಲ್ಲ. ಅದನ್ನು ಅವಳಿಗೆ ಸಲ್ಲಿಸುವ ಅವಧಿ ಅವಳ ಉಸಿರಿನೊಂದಿಗೆ ಮುಗಿಯುತ್ತದೆ. ಆ ಬಳಿಕ ಕೆತ್ತಿಸುವ ಸಂಗಮರಮರಿ ಕಲ್ಲಿನ ಮೇಲಿನ ಹೆಸರು ಮಕ್ಕಳ ಸಮಾಧಾನಕ್ಕೆ ಹೊರತು ಸಾಲದ ಪಾವತಿಯಲ್ಲ. ಅಷ್ಟೇ ಅಲ್ಲ, ತಾಯಿಯ ಕಷ್ಟವನ್ನು ಆದರ್ಶವೆಂದು ಹೊಗಳಿ ಅದೇ ಭಾರವನ್ನು ಸೊಸೆಯ ತಲೆಯ ಮೇಲೆ ಇಳಿಸುವುದು ಸ್ಮರಣೆಯಲ್ಲ. ತಾಯಿಯ ಆಚಾರ ಮುಂದುವರಿಯಬೇಕೆಂದು ನಿಜವಾಗಿ ಬಯಸುವ ಮಗನು ನೀರು ಸೋಸುವ ಅರಿವೆಯನ್ನು ಮೊದಲು ತಾನು ಕೈಗೆತ್ತಿಕೊಳ್ಳಬೇಕು, ಅಂಗಡಿಯ ಬಾಗಿಲನ್ನು ವಾರದಲ್ಲಿ ಕೆಲವು ದಿನವಾದರೂ ಸೂರ್ಯಾಸ್ತಕ್ಕೆ ಮುಂಚೆ ಎಳೆಯಬೇಕು. ಅಹಿಂಸೆಯ ಆಚಾರ ಹೆಂಗಸರ ಪಾಲಿನ ದುಡಿಮೆಯೆಂದು ಯಾವ ಆಗಮವೂ ಹೇಳಿಲ್ಲ.

ಅಂತ್ಯಕಾಲದ ಕರ್ತವ್ಯ

ಮೋಹ ಮತ್ತು ಧರ್ಮಗಳ ಪರೀಕ್ಷೆ ಅತ್ಯಂತ ಕಠಿಣವಾಗುವುದು ತಾಯಿಯ ಅಂತ್ಯಕಾಲದಲ್ಲಿ. ಸಲ್ಲೇಖನೆಯ ಐದು ಅತಿಚಾರಗಳಲ್ಲಿ ಬದುಕುವ ಆಸೆ, ಬೇಗ ಸಾಯುವ ಆಸೆ ಇವುಗಳ ಜೊತೆಗೆ ಮಿತ್ರಾನುರಾಗವನ್ನೂ ತತ್ತ್ವಾರ್ಥಸೂತ್ರವು ಎಣಿಸಿದೆ. ಆಪ್ತರ ಮೇಲಿನ ಅನುರಾಗ ಆ ಗಳಿಗೆಯಲ್ಲಿ ಜೀವವನ್ನು ಹಿಂದಕ್ಕೆ ಎಳೆಯುತ್ತದೆ. ಸ್ವಜನರನ್ನು ಕ್ಷಮಿಸಿ, ಪ್ರಿಯವಚನಗಳಿಂದ ಅವರ ಕ್ಷಮೆ ಬೇಡಿ, ಮನಸ್ಸನ್ನು ಹಗುರಗೊಳಿಸಿಕೊಳ್ಳಬೇಕೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪದೇಶಿಸಿದ್ದಾರೆ. 1955ರಲ್ಲಿ ಕುಂಥಲಗಿರಿಯಲ್ಲಿ ಆಚಾರ್ಯ ಶಾಂತಿಸಾಗರರು ಸಮಾಧಿಮರಣವನ್ನು ಪಡೆದ ರೀತಿಯನ್ನು ಈ ಸೀಮೆಯ ಹಿರಿಯರು ಬಹುಕಾಲ ಹೇಳುತ್ತಿದ್ದರು. ರಾಜಸ್ಥಾನದ ಉಚ್ಚ ನ್ಯಾಯಾಲಯವು 2015ರ ಆಗಸ್ಟ್‌ನಲ್ಲಿ ಸಂಥಾರಾ ವ್ರತವನ್ನು ಅಪರಾಧವೆಂದು ತೀರ್ಪಿತ್ತಾಗ, ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಈ ಸಂದರ್ಭದಲ್ಲಿ ಸಮಾಜವು ನೆನಪಿಡಬೇಕಾದುದು ಒಂದಿದೆ. ಆ ವ್ರತ ಸಂಪೂರ್ಣವಾಗಿ ವ್ರತಿಯ ಸ್ವಂತ ಸಂಕಲ್ಪವಾಗಿರಬೇಕು ಮತ್ತು ಗುರುಗಳ ಅನುಮತಿ ಪಡೆದಿರಬೇಕು. ಮಕ್ಕಳು ತಾಯಿಯನ್ನು ಆ ಕಡೆಗೆ ತಳ್ಳುವುದು ಮಹಾಪಾಪ.

ಮಕ್ಕಳ ಪಾಲಿಗೆ ಇರುವ ಕರ್ತವ್ಯ ಸರಳವಾದುದು. ಔಷಧ, ಆರೈಕೆ, ಸಾಂತ್ವನದ ಮಾತು. ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಶಾಸ್ತ್ರವಾಚನ. ಹಳೆಯ ಮನಸ್ತಾಪಗಳಿಗೆ ಕ್ಷಮೆ. ಕೊನೆಯ ಗಳಿಗೆ ಬಂದಾಗ ಗೋಳಾಟವನ್ನು ತಡೆದುಕೊಂಡು ಕಿವಿಯಲ್ಲಿ ಣಮೋಕಾರ ಮಂತ್ರ. ತನ್ನ ಕರುಳಿನ ಅಳುವನ್ನು ನುಂಗಿ ತಾಯಿಯ ಜೀವಕ್ಕೆ ದಾರಿ ಬಿಡುವ ಮಗ ಅಥವಾ ಮಗಳು ಆ ಕ್ಷಣದಲ್ಲಿ ಮೋಹವನ್ನು ವಾತ್ಸಲ್ಯವಾಗಿ ಪರಿವರ್ತಿಸುತ್ತಾರೆ. ಮಕ್ಕಳು ತಾಯಿಗೆ ಕೊಡಬಹುದಾದ ದಾನಗಳಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿರಲಾರದು.

ಸ್ಮರಣೆಯ ಸರಿಯಾದ ರೂಪ

ಮೇಲಿನ ವಿಚಾರಗಳನ್ನು ಕೂಡಿಸಿ ನೋಡಿದಾಗ ಆರಂಭದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಸ್ಮರಣೆಯು ತಾನಾಗಿ ಮೋಹವೂ ಅಲ್ಲ, ಧರ್ಮವೂ ಅಲ್ಲ. 'ಅವಳು ನನ್ನವಳಾಗಿದ್ದಳು, ಈಗಿಲ್ಲ' ಎಂಬಲ್ಲಿಗೆ ನಿಂತ ಸ್ಮರಣೆ ಮೋಹ. 'ಅವಳು ಮಾಡುತ್ತಿದ್ದುದು ನಿಲ್ಲಬಾರದು, ಅವಳಿಗೆ ದೊರೆಯದಿದ್ದುದು ಇನ್ನೊಬ್ಬ ತಾಯಿಗೆ ದೊರೆಯಲಿ' ಎಂದು ಮುನ್ನಡೆದ ಸ್ಮರಣೆ ಧರ್ಮ.

ಮನೆಯಲ್ಲಿ ಹಿರಿಯ ತಾಯಿ ಇರುವವರು ಸ್ಮರಣಾರ್ಥ ಸೇವೆಗೆ ಅವಸರಪಡಬೇಕಿಲ್ಲ. ಅವಳನ್ನು ಕೈಹಿಡಿದು ಬಸದಿಗೆ ಕರೆತರುವುದೇ ಸೇವೆ. ಕಣ್ಣು ಮಂಜಾದವಳಿಗೆ ದಿನಕ್ಕೆ ಒಂದು ಪುಟ ಓದಿ ಹೇಳುವುದೇ ಶಾಸ್ತ್ರದಾನ. ಅವಳ ಹಾಡಿನ ವಹಿಯನ್ನು ಮ

ೊಮ್ಮಕ್ಕಳು ಓದಬಲ್ಲ ಲಿಪಿಯಲ್ಲಿ ಬರೆದಿಟ್ಟುಕೊಂಡರೆ ಅತ್ತಿಮಬ್ಬೆಯ ಸಾವಿರ ಪ್ರತಿಗಳಿಗೆ ಇನ್ನೊಂದು ಪ್ರತಿ ಸೇರಿದಂತೆ. ತಾಯಿಯನ್ನು ಕಳೆದುಕೊಂಡವರು ಅವಳ ಹೆಸರಿನಲ್ಲಿ ದಾನ ಮಾಡುವುದಾದರೆ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಅವಳು ಯಾವುದಕ್ಕಾಗಿ ಹಂಬಲಿಸಿದ್ದಳೋ ಅದನ್ನು ಆರಿಸಲಿ. ಓದಲು ಹಂಬಲಿಸಿದವಳ ಹೆಸರಿನಲ್ಲಿ ಬಡ ಹುಡುಗಿಯೊಬ್ಬಳ ಶಾಲೆಯ ಶುಲ್ಕ, ಔಷಧವಿಲ್ಲದೆ ನರಳಿದವಳ ಹೆಸರಿನಲ್ಲಿ ಇನ್ನೊಬ್ಬ ಮುದುಕಿಯ ಔಷಧ.

ದಾನದ ಜೊತೆಗೆ ಒಂದು ನಿಯಮವೂ ಇರಲಿ. ಉತ್ಸವದ ದಿನ ಸಭೆಯಲ್ಲಿ ತಾಯಿಯ ಹೆಸರನ್ನು ಓದುವಾಗ ಅವಳು ಪಾಲಿಸುತ್ತಿದ್ದ ನಿಯಮಗಳಲ್ಲಿ ಒಂದನ್ನು, ಅದು ಎಷ್ಟೇ ಚಿಕ್ಕದಾಗಿರಲಿ, ಮುಂದಿನ ಉತ್ಸವದವರೆಗೆ ಪಾಲಿಸುವುದಾಗಿ ಮನೆಯ ಗಂಡಸರೂ ಹೆಂಗಸರೂ ಮಕ್ಕಳೂ ಜಿನಬಿಂಬದ ಎದುರಿಗೆ ಸಂಕಲ್ಪ ಮಾಡಲಿ. ಯಾದಿಯಲ್ಲಿ ಹೆಸರು ಬರೆಯಿಸುವಷ್ಟು ಅನುಕೂಲವಿಲ್ಲದ ಕುಟುಂಬಕ್ಕೂ ಇದು ಸಾಧ್ಯ. ಇದಕ್ಕೆ ರೂಪಾಯಿಯ ಖರ್ಚಿಲ್ಲ, ಪಾವತಿಯೂ ಬೇಕಿಲ್ಲ. ಗುಳ್ಳಕಾಯಿಯಷ್ಟು ಚಿಕ್ಕದಾದ ಆ ನಿಯಮವು ಒಂದು ವರ್ಷದಲ್ಲಿ ಮನೆಯ ನೆತ್ತಿಯಿಂದ ಪಾದದವರೆಗೆ ಹರಿಯಬಲ್ಲದು.

ಎಲ್ಲ ಕುಟುಂಬಗಳಲ್ಲಿಯೂ ಧರ್ಮವೃದ್ಧಿಯಾಗಲಿ.